ಖಾಲಿ ಗಾದಿಗೆ ಸಾಥ್

ಪೇಟಿ ಮಾಸ್ತರ ಮೈನುದ್ದೀನರು ಗಜೇಂದ್ರಗಡದ ಸಂಗೀತ ಶಿಬಿರದಲ್ಲಿ ಕಲಿಸಲು ಒಪ್ಪಿಕೊಂಡದ್ದಕ್ಕೆ ಕಾರಣ ಒಂದೇ. ಸಮಾರೋಪದ ಸಂಜೆ ವೇದಿಕೆಯ ಮೇಲೆ ಅವರೊಬ್ಬರೇ ಕೂತು, ಹಾಡುವವರಾರೂ ಇಲ್ಲದೆ, ಅರ್ಧ ತಾಸು ಹಾರ್ಮೋನಿಯಂ ನುಡಿಸಬಹುದು ಎಂದು ಸಂಘಟಕರಾದ ಸೀರೆ ವ್ಯಾಪಾರಿ ಶಿವನಪ್ಪನವರು ಮಾತು ಕೊಟ್ಟಿದ್ದರು. ಅರವತ್ತು ದಾಟಿದ ಮನುಷ್ಯನಿಗೆ ಇಷ್ಟು ಸಣ್ಣ ಆಸೆಯೇ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಜೀವಮಾನವೆಲ್ಲ ಇನ್ನೊಬ್ಬರ ಎಡಗಡೆ ಕೂತೇ ಮುದುಕನಾದವನ ಸಂಕಟ ಕೂತವನಿಗೇ ಗೊತ್ತು.

ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತೇವೆ. ಹಾಡುವವರ ಜೊತೆ ಅದನ್ನು ನುಡಿಸುವುದಕ್ಕೆ ಸಾಥ್ ಎನ್ನುತ್ತೇವೆ. ಕೇಳಲು ಸಸಾರ. ಆದರೆ ಗವಾಯಿ ಮುಂದಿನ ಗಳಿಗೆ ಎಲ್ಲಿಗೆ ಹೋಗುತ್ತಾನೆಂದು ಅವನಿಗೇ ಗೊತ್ತಿರುವುದಿಲ್ಲ. ಸಾಥಿದಾರ ಅವನಿಗಿಂತ ಕೂದಲೆಳೆಯಷ್ಟು ಹಿಂದೆ ಇದ್ದು ಅದೇ ದಾರಿ ಹಿಡಿಯಬೇಕು. ಅವನು ಉಸಿರಿಗೆ ನಿಂತಾಗ ಸ್ವರ ತುಂಡಾಗದಂತೆ ಎಳೆದು ಹಿಡಿದಿರಬೇಕು. ಅವನು ಮತ್ತೆ ಬಾಯಿ ತೆರೆದ ಕೂಡಲೇ ಮೆಲ್ಲಗೆ ಸರಿದು ಜಾಗ ಬಿಡಬೇಕು. ಚಪ್ಪಾಳೆ ಬಿದ್ದರೆ ತಲೆ ತಗ್ಗಿಸಿ ಕೂರಬೇಕು, ಯಾಕೆಂದರೆ ಅದು ತನ್ನದಲ್ಲ.

ಮೈನುದ್ದೀನರು ಮೂವತ್ತು ವರ್ಷಕ್ಕೂ ಮಿಕ್ಕಿ ಹೀಗೆ ನಡೆದದ್ದು ಅಸೂಟಿಯ ಗ್ಯಾನಪ್ಪ ಬುವಾ ಅವರ ಹಿಂದೆ. ಬುವಾ ದೊಡ್ಡ ಗವಾಯಿ, ಮಿರಜ, ಪುಣೆಯವರೆಗೂ ಹೆಸರಿತ್ತು. ಒಮ್ಮೆ ಸೊಲ್ಲಾಪುರದ ಬಸ್ಸಿನಲ್ಲಿ ಮೈನುದ್ದೀನರು ಧೈರ್ಯ ಮಾಡಿ, ಎಲ್ಲಿಯಾದರೂ ಒಂದು ಸಲ ಪೇಟಿ ಸೋಲೋ ನುಡಿಸಲೇ ಎಂದು ಕೇಳಿದ್ದರು. ಬುವಾ ತಾಂಬೂಲದ ಬಾಯಿ ಬಿಟ್ಟು ನಕ್ಕರು. "ಮಾಸ್ತರ, ನೆಳ್ಳು ಒಂದ ಎದ್ದು ಎಲ್ಲೆರ ಅಡ್ಡಾಡತೈತೇನು?" ಎಂದರು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು, ಮೈನುದ್ದೀನರೂ ನಕ್ಕರು. ಆ ನಗು ಇಷ್ಟು ವರ್ಷವಾದರೂ ಅವರ ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ.

ಹಾಗೆಂದು ಅವರಿಗೆ ಬುವಾ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಹೆಂಡತಿಯ ಮುಖಕ್ಕಿಂತ ಹೆಚ್ಚು ನೋಡಿದ್ದು ಆ ಮನುಷ್ಯನ ಕುತ್ತಿಗೆಯ ನರಗಳನ್ನು. ಕೊನೆಯ ನಾಲ್ಕಾರು ವರ್ಷ ಬುವಾಗೆ ದಮ್ಮು ಹತ್ತಿಕೊಂಡಿತ್ತು. ಅರ್ಧ ಆಲಾಪಕ್ಕೇ ಉಸಿರು ಸಾಲುತ್ತಿರಲಿಲ್ಲ. ಆದರೆ ಒಬ್ಬ ಕೇಳುಗನಿಗೂ ಅದು ತಿಳಿಯಲಿಲ್ಲ. ಬುವಾ ಅವರ ಸ್ವರ ಎಲ್ಲಿ ತುಂಡಾಗುತ್ತಿತ್ತೋ ಅಲ್ಲಿ ಮೈನುದ್ದೀನರ ಬೆರಳು ಹಿಡಿದುಕೊಳ್ಳುತ್ತಿತ್ತು, ಉಸಿರು ತುಂಬಿಕೊಂಡಾಗ ತಿರುಗಿ ಕೊಟ್ಟುಬಿಡುತ್ತಿತ್ತು. ಬುವಾ ಹೋದದ್ದು ಹಿಂದಿನ ವರ್ಷದ ಮಳೆಗಾಲದಲ್ಲಿ, ದವಾಖಾನೆಯಲ್ಲಿ. ಅಂದಿನಿಂದ ಮೈನುದ್ದೀನರು ನರಗುಂದದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾರವಾ ರಾಗವೊಂದನ್ನೇ ಸಾಧನೆ ಮಾಡುತ್ತಿದ್ದರು.

ಮಾರವಾ ಯಾಕೆಂದರೆ, ಬುವಾ ಹಾಡದೆ ಬಿಟ್ಟ ರಾಗ ಅದೊಂದೇ. ಮುಳುಗುವ ಹೊತ್ತಿನ ರಾಗ, ಷಡ್ಜದ ಮೇಲೆ ನೆಮ್ಮದಿಯಾಗಿ ಕೂರಲು ಬಿಡದೆ ಅಲೆಸುವ ರಾಗ. ತಮ್ಮ ಮನೆತನಕ್ಕೆ ಅದು ಆಗಿಬರುವುದಿಲ್ಲ ಎಂದು ಬುವಾ ಹೇಳುತ್ತಿದ್ದರು. ಉಳಿದ ಯಾವ ರಾಗ ಹಿಡಿದರೂ ಮೈನುದ್ದೀನರ ಬೆರಳು ಬುವಾ ಹಾಡಿದ ದಾರಿಯಲ್ಲೇ ಹೊರಳುತ್ತಿತ್ತು. ಇದರಲ್ಲಿ ಮಾತ್ರ ಯಾರ ಹೆಜ್ಜೆಯೂ ಇರಲಿಲ್ಲ. ಸೋಲೋಗೆ ಇದನ್ನೇ ನುಡಿಸುವುದೆಂದು ಅವರು ಯಾರಿಗೂ ಬಾಯಿಬಿಟ್ಟಿರಲಿಲ್ಲ. ಗೋಡೆಯಾಚೆ ರೊಟ್ಟಿ ಬಡಿಯುವ ಹೆಂಡತಿ ಮುಮತಾಜಬಿ ಕೇಳುತ್ತಿದ್ದಳು ನಿಜ, ಆದರೆ ಅವಳಿಗೆ ಎಲ್ಲ ರಾಗವೂ ಒಂದೇ.

ಅದು ಎರಡು ಸಾವಿರದ ಏಳರ ದಸರಾ ಸೂಟಿ. ಮೈನುದ್ದೀನರು ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ರೋಣದ ಮೇಲಿಂದ ಗಜೇಂದ್ರಗಡಕ್ಕೆ ಬಂದಿಳಿದರು. ಗುಡ್ಡದ ಬುಡದಲ್ಲಿ, ಮಕ್ಕಳಿಲ್ಲದೆ ಬಣಗುಡುವ ಒಂದು ಹೈಸ್ಕೂಲಿನಲ್ಲಿ ಶಿಬಿರ. ಗುಡ್ಡದ ಮೇಲೆ ಹೊಸದಾಗಿ ನಿಲ್ಲಿಸಿದ ಗಾಳಿ ಫ್ಯಾನುಗಳು ಆಕಳಿಸುತ್ತ ತಿರುಗುತ್ತಿದ್ದವು. ಕಲಿಸಬೇಕಾಗಿದ್ದವರು ಮೂವರು. ಹುಬ್ಬಳ್ಳಿಯ ದ್ಯಾಮೇಶ ತಬಲಾದವನು, ಮಾತೂ ಕೈಯೂ ಒಂದೇ ಲಯದಲ್ಲಿ ಓಡುವವನು. ಹಾಡಿಕೆಗೆ ಶಬನಮ, ಈಚೆಗೆ ಹೆಸರು ಮಾಡುತ್ತಿದ್ದ ಗಾಯಕಿ, ಮೈನುದ್ದೀನರ ಗೆಳೆಯನ ಮಗಳು. ಸಾಥ್ ಕಲಿಸಲು ಮೈನುದ್ದೀನರು.

ಆದರೆ ಶಬನಮ ಬರಲೇ ಇಲ್ಲ. ಗಂಟಲು ಕಟ್ಟಿದೆ, ಡಾಕ್ಟರು ಮಾತೂ ಆಡಬೇಡ ಅಂದಿದ್ದಾರೆ, ಸಮಾರೋಪದ ದಿನ ಹೇಗಾದರೂ ಬಂದು ಹಾಡುತ್ತೇನೆ ಎಂದು ಪಿಸುದನಿಯಲ್ಲಿ ಫೋನು ಮಾಡಿದಳು. ಶಿವನಪ್ಪನವರು ತಲೆ ಮೇಲೆ ಕೈ ಹೊತ್ತರು, ಹಾಡಿಕೆ ಕಲಿಯಲು ಬಂದವರು ಊರಿಗೆ ತಿರುಗಿದರು. ಸಾಥ್ ಕಲಿಯಲು ಬಂದವರು ಮೂವರು ಪೇಟಿ ಹಿಡಿದು ಕೂತಿದ್ದರು: ಇಟಗಿಯ ಅನಿತಾ, ಕಾಲೇಜು ಮುಗಿಸಿದ ಹುಡುಗಿ; ರೋಣದ ಟೇಲರ ಅಯಾಜ; ಲಕ್ಕಲಕಟ್ಟಿಯ ಭಜನಾ ಮೇಳದ ಬಾಷಾ, ಮೀಸೆ ನರೆತವನು. ಹಾಡುವವರೇ ಇಲ್ಲದೆ ಸಾಥ್ ಯಾರಿಗೆ ಮಾಡುವುದು?

ಮೈನುದ್ದೀನರಿಗೆ ಒಂದು ಉಪಾಯ ಹೊಳೆಯಿತು. ನಡುವೆ ಒಂದು ಗಾದಿ ಹಾಸಿಸಿದರು. ಹಿಂದೆ ತಂಬೂರಿ ಮಿಡಿಯುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇಟ್ಟರು. ಕೈ ರೂಢಿಯಂತೆ, ಗಾದಿಯ ಬಲಕ್ಕೆ ಬಿಸಿನೀರಿನ ಲೋಟವನ್ನೂ ಮಡಚಿದ ಶಾಲನ್ನೂ ಇಟ್ಟುಬಿಟ್ಟರು. ಗವಾಯಿ ಇಲ್ಲಿ ಕೂತಿದ್ದಾರೆ ಎಂದು ತಿಳಿದುಕೊಳ್ಳಿ, ಅವರನ್ನು ಕೇಳುತ್ತ ಹಿಂದೆ ಹಿಂದೆ ನಡೆಯಿರಿ, ಯಮನ ರಾಗ ಎಂದರು. ಬಾಷಾ ಗಾದಿಗೆ ಕೈ ಮುಗಿದು ಅಪ್ಪಣೆ ಕೇಳಿದ, ಎಲ್ಲರೂ ನಕ್ಕರು.

ಮೊದಲ ದಿನ ಆಟದಂತೆಯೇ ಹೋಯಿತು. ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ. ಮೈನುದ್ದೀನರು ಪಕ್ಕದಲ್ಲಿ ಕೂತು ತಿದ್ದಿದರು: ಅಲ್ಲಿ ಅವಸರ ಮಾಡಬೇಡ, ಅವರು ನಿಷಾದದ ಮೇಲೆ ನಿಲ್ಲುತ್ತಾರೆ, ಈಗ ಉಸಿರು ಕಡಿಮೆಯಾಯಿತು, ಹಿಡಿದುಕೋ, ಈಗ ಸಣ್ಣಗೆ ಕೆಮ್ಮುತ್ತಾರೆ, ತಾಳು, ಈಗ ಬಂದರು, ಸರಿ. ತಾವು ತಿದ್ದುತ್ತಿದ್ದದ್ದು ಯಾವುದೋ ಒಬ್ಬ ಗವಾಯಿಯ ಹೆಸರಿನಲ್ಲಲ್ಲ, ಬುವಾ ಅವರ ಹೆಸರಿನಲ್ಲಿ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಅವರಿಗೆ ಗೊತ್ತಿದ್ದ ಗವಾಯಿಯೇ ಒಬ್ಬ. ಸಾಥಿದಾರನಲ್ಲದೆ ಬೇರೆ ಕಸುಬಿನವನು ಮಾಡುವ ತಪ್ಪಲ್ಲ ಅದು.

ಮರುದಿನ ಮಧ್ಯಾಹ್ನ ಮೂವರೂ ಒಂದೇ ಕಡೆ ನಿಂತರು. ಉಸಿರಿಗೆ ಎಷ್ಟು ತಡೆಯಬೇಕೋ ಅಷ್ಟು ತಡೆದು ಒಟ್ಟಿಗೇ ಮುಂದೆ ಹೋದರು. ಮೈನುದ್ದೀನರ ಎದೆ ಉಬ್ಬಿತು. ಇಷ್ಟು ಬೇಗ ಕೈಗೆ ಹತ್ತಿತೇ ಎಂದು ಅವರೇ ಬೆರಗಾದರು. ಆದರೆ ಒಬ್ಬರನ್ನೊಬ್ಬರು ನೋಡಿ ನುಡಿಸುತ್ತಿರಬಹುದು ಎಂಬ ಸಂಶಯವೂ ಬಂತು. ಅನಿತಾಳನ್ನು ಪುಸ್ತಕದ ಕೋಣೆಗೆ ಕಳಿಸಿದರು, ಬಾಷಾನನ್ನು ಅಂಗಳದ ಬೇವಿನ ಮರದ ಕೆಳಗೆ ಕೂರಿಸಿದರು, ಅಯಾಜನನ್ನು ಗಾದಿಯ ಹತ್ತಿರವೇ ಉಳಿಸಿಕೊಂಡರು. ಒಬ್ಬರ ಪೇಟಿ ಇನ್ನೊಬ್ಬರಿಗೆ ಕೇಳದಂತೆ ನಡುವಿನ ಬಾಗಿಲುಗಳನ್ನೆಲ್ಲ ಹಾಕಿಸಿದರು. ಮೂವರದೂ ಕೇಳುವಂತೆ ದ್ಯಾಮೇಶನನ್ನು ಪಡಸಾಲೆಯಲ್ಲಿ ನಿಲ್ಲಿಸಿದರು.

ದ್ಯಾಮೇಶ ಸ್ವಲ್ಪ ಹೊತ್ತಿನಲ್ಲೇ ಒಳಗೆ ಬಂದ. ಅವನ ಮುಖದ ಮೇಲೆ ಎಂದಿನ ನಗೆ ಇರಲಿಲ್ಲ. ಮೂರೂ ಕಡೆ ಒಂದೇ ಸ್ವರ, ಒಂದೇ ತಡೆ, ಒಂದೇ ಹೊರಳು, ಲಯದವನಾದ ತನಗೆ ಕೂಡ ಕೂದಲಷ್ಟು ವ್ಯತ್ಯಾಸ ಸಿಗಲಿಲ್ಲ ಎಂದ. ಆಮೇಲೆ ತಾನೇ ಸಮಾಧಾನವನ್ನೂ ಹೇಳಿದ. ಕಲಿಸಿದವರು ಒಬ್ಬರೇ, ಕಲಿತವರು ಒಂದೇ ಅಚ್ಚಿನಲ್ಲಿ ಬಂದಿದ್ದಾರೆ, ಅದರಲ್ಲೇನು ಎಂದ. ಮೈನುದ್ದೀನರು ಹೌದೆಂದು ತಲೆಯಾಡಿಸಿದರು. ಆದರೆ ಆ ಹೊತ್ತು ಅಯಾಜನ ಬೆರಳು ಗಾಂಧಾರದಿಂದ ಒಂದು ವಿಚಿತ್ರ ಸುತ್ತು ಹಾಕಿ ಇಳಿಯಿತು. ಕೇಳಿದವರ ಮೈಮೇಲೆ ಮುಳ್ಳೇಳುವಂಥ ಚೆಲುವಿನ ಸುತ್ತು. ಅದನ್ನು ಅವರು ಕಲಿಸಿರಲಿಲ್ಲ. ಇಷ್ಟು ವರ್ಷ ಬುವಾ ಬಾಯಿಂದ ಕೇಳಿಯೂ ಇರಲಿಲ್ಲ. ಆದರೆ ಅದು ಬುವಾ ಅವರದೇ, ಅದರಲ್ಲಿ ಸಂಶಯವಿರಲಿಲ್ಲ.

ಅಂದರೆ ಸತ್ತ ಮೇಲೂ ಬುವಾ ಸುಮ್ಮನೆ ಕೂತಿರಲಿಲ್ಲ. ಸಾಧನೆ ಮಾಡುತ್ತಿದ್ದರು.

ಮೈನುದ್ದೀನರಿಗೆ ಮೊದಲು ಹೆದರಿಕೆಯಾಗಲಿಲ್ಲ, ಖುಷಿಯಾಯಿತು. ಅದನ್ನು ಮುಚ್ಚಿಡುವುದೇಕೆ? ಸತ್ತವರು ನಡೆದುಬರುತ್ತಾರೆಂದು ಗೊತ್ತಾದರೆ ಯಾರಿಗೆ ಖುಷಿಯಾಗದು? ಆ ದಿನವೆಲ್ಲ ಅವರು ಗಾದಿಯ ಎಡಕ್ಕೆ ತಮ್ಮ ಹಳೆಯ ಜಾಗದಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ಶಿಷ್ಯರ ಬೆರಳುಗಳಲ್ಲಿ ಬುವಾ ಅವರನ್ನು ಕೇಳಿದರು. ಉಸಿರು ಎಷ್ಟು ಉದ್ದವಾಗಿತ್ತು! ದಮ್ಮು ಹತ್ತುವ ಮುಂಚಿನ ಉಸಿರು. ಲೋಟದ ನೀರು ಆರಿದಾಗಲೆಲ್ಲ ತಾವೇ ಹೋಗಿ ಬಿಸಿನೀರು ತಂದಿಟ್ಟರು.

ಹೆದರಿಕೆ ಹುಟ್ಟಿದ್ದು ಅದರ ಮರುದಿನ. ಅವರು ಎಂದಿನಂತೆ ಯಮನ ಹಿಡಿಯಿರಿ ಎಂದು ಹೇಳಿ ಹೊರಗೆ ಚಹಾಕ್ಕೆ ಹೋಗಿದ್ದರು. ತಿರುಗಿ ಬರುವಾಗ ಒಳಗಿನಿಂದ ಬೇರೆ ಏನೋ ಕೇಳಿಸಿತು. ಮೂರು ಪೇಟಿಗಳು ಕೋಮಲ ರಿಷಭದ ಮೇಲೆ ತೂಗುತ್ತಿದ್ದವು. ಷಡ್ಜಕ್ಕೆ ಬರುತ್ತವೆ ಎನ್ನುವಷ್ಟರಲ್ಲಿ ಬಾರದೆ ತಿರುಗಿ ಹೋಗುತ್ತಿದ್ದವು. ಮಾರವಾ.

ಮೈನುದ್ದೀನರು ಬಾಗಿಲಲ್ಲೇ ನಿಂತು, ಯಾರು ಹೇಳಿದರು ನಿಮಗೆ ಇದನ್ನು ನುಡಿಸಲು ಎಂದು ಕೂಗಿದರು. ಬಾಷಾ, ಅಯಾಜರಿಗೆ ಆ ರಾಗದ ಹೆಸರೂ ಗೊತ್ತಿರಲಿಲ್ಲ. ಅನಿತಾ ಮಾತ್ರ ಉತ್ತರ ಕೊಟ್ಟಳು. ಆ ಹುಡುಗಿಗೆ ಹೆದರಿಕೆಯೂ ಇದ್ದಂತಿರಲಿಲ್ಲ.

"ಅವರು ಹಿಡದ್ರಲ್ಲರಿ ಸರ್. ಅವರು ಹಾಡೂ ಮುಂದ ನಾವು ಬ್ಯಾರೆ ಹ್ಯಾಂಗ ನುಡಸೂದು?"

ಅಂದು ಸಂಜೆಯೇ ಮೈನುದ್ದೀನರು ಗಾದಿ ಸುತ್ತಿ ಆಟದ ಸಾಮಾನಿನ ಕೋಣೆಯಲ್ಲಿ ಹಾಕಿ ಬೀಗ ಜಡಿದರು. ಲೋಟ, ಶಾಲು ತೆಗೆದಿಟ್ಟರು. ಮರುದಿನ ಮೂವರೂ ಬಂದು ನೆಲದ ಮೇಲೆ ಕೂತರು, ನಡುವೆ ಗಾದಿಯಷ್ಟೇ ಅಗಲದ ಜಾಗ ಬಿಟ್ಟು. ಹತ್ತಿರ ಸರಿಯಿರಿ ಎಂದರೆ ಸರಿದರು, ಮತ್ತೆ ನೋಡುವಷ್ಟರಲ್ಲಿ ಜಾಗ ಹಾಗೇ ಇತ್ತು. ಕಸ ಗುಡಿಸುವ ರಾಜಮಾ ಕೂಡ ಅಲ್ಲಿಗೆ ಬಂದಾಗ ಪೊರಕೆ ತಿರುಗಿಸಿಕೊಂಡು ಸುತ್ತು ಹಾಕಿ ಹೋದಳು. ಯಾಕೆಂದು ಕೇಳಿದರೆ ಅವಳಿಗೇ ತಿಳಿಯಲಿಲ್ಲ.

ಈಗ ಮೈನುದ್ದೀನರಿಗೆ ಸಿಟ್ಟು ಬಂತು. ಇಡೀ ಜೀವಮಾನ ಎಲ್ಲ ರಾಗ ಬುವಾ ಅವರದೇ ಆಗಿತ್ತು. ಮಿಕ್ಕ ಒಂದನ್ನು ತಾನು ಹಿಡಿದುಕೊಂಡರೆ ಅದಕ್ಕೂ ಸತ್ತ ಮೇಲೆ ಎದ್ದು ಬರಬೇಕೇ? ಊಟ ಮುಗಿಸಿ ಎಲ್ಲರೂ ಅಡ್ಡಾದ ಹೊತ್ತು, ಮೇಲಿನ ಖಾಲಿ ತರಗತಿಗೆ ಹೋಗಿ ಬಾಗಿಲು ಹಾಕಿ ಪೇಟಿ ಬಿಚ್ಚಿದರು. ಬೀದಿಯಿಂದ ಮಗ್ಗದ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. ಎಡಗೈ ಗಾಳಿಯ ತಿದಿ ಒತ್ತಿತು, ಬಲಗೈ ಸ್ವರದ ಮನೆಗಳ ಮೇಲೆ ಬಂತು. ಬೆರಳು ಇಳಿಯಲಿಲ್ಲ.

ನೋವಿರಲಿಲ್ಲ, ಮರಗಟ್ಟಿರಲಿಲ್ಲ. ಬೆರಳು ಕಾಯುತ್ತಿತ್ತು, ಅಷ್ಟೇ. ಮೊದಲು ಹಾಡುವವರು ಎತ್ತಿಕೊಳ್ಳಲಿ ಎಂದು, ರೂಢಿಯಂತೆ. ಸ್ವಲ್ಪ ಹೊತ್ತಾದ ಮೇಲೆ ಅದು ತಾನಾಗಿ ರಿಷಭಕ್ಕೆ ಇಳಿದು ನಡೆಯತೊಡಗಿತು. ನಡೆದ ದಾರಿ ಚೆಂದವಿತ್ತು, ಅವರು ವರ್ಷವಿಡೀ ಸಾಧನೆ ಮಾಡಿದ್ದಕ್ಕಿಂತ ಎಷ್ಟೋ ಚೆಂದ. ತಮ್ಮದಲ್ಲದ ಆ ಚೆಂದವನ್ನು ಕೇಳುತ್ತ ಮೈನುದ್ದೀನರು ಅತ್ತುಬಿಟ್ಟರು.

ಊರಿಗೆ ಹೋಗಿಬಿಡೋಣ ಎಂದು ಚೀಲ ಕಟ್ಟಿದ್ದೂ ಉಂಟು. ಆದರೆ ಹೋದರೆ ಸೋಲೋ ಹೋಯಿತು. ಈ ವಯಸ್ಸಿನಲ್ಲಿ ಇನ್ನಾರು ಕರೆದು ವೇದಿಕೆ ಕೊಡುತ್ತಾರೆ? ಚೀಲ ಬಿಚ್ಚಿದರು. ಶಿವನಪ್ಪನವರಿಗೆ ಅರ್ಧಂಬರ್ಧ ಹೇಳಿ ನೋಡಿದರು. ಶಿವನಪ್ಪನವರು ಕೇಳಿಸಿಕೊಂಡದ್ದು ಬೇರೆಯೇ. ಬುವಾ ನೆನಪು ಮಾಸ್ತರರಿಗೆ ಇಷ್ಟು ಕಾಡುತ್ತಿದೆ ಎಂದು ಕರಗಿಹೋಗಿ, ಸಮಾರೋಪವನ್ನು ಬುವಾ ಅವರ ಸ್ಮರಣೆಗೇ ಮಾಡೋಣ, ಅಸೂಟಿಯಿಂದ ಅವರ ಹೆಂಡತಿ ಅಡಿವೆವ್ವನವರನ್ನು ಕರೆಸಿ ಸನ್ಮಾನ ಮಾಡೋಣ ಎಂದರು. ಮೈನುದ್ದೀನರಿಗೆ ಹಣೆ ಹಣೆ ಬಡಿದುಕೊಳ್ಳುವಂತಾಯಿತು.

ಸಮಾರೋಪದ ದಿನ ಬಂತು. ಶಾಲೆಯ ಅಂಗಳದಲ್ಲಿ ವೇದಿಕೆ, ಮುಂದೆ ಜಮಖಾನೆ, ಊರಿನ ಜನ ತುಂಬಿದ್ದರು. ಶಬನಮ ಮಧ್ಯಾಹ್ನವೇ ಬಂದಳು, ಗಂಟಲು ತಿಳಿಯಾಗಿತ್ತು. ಚಾಚಾ ಎಂದು ಬಂದು ಮೈನುದ್ದೀನರ ಕೈ ಹಿಡಿದುಕೊಂಡು, ನಿಮ್ಮ ಸೋಲೋ ಆದ ಮೇಲೆ ನನ್ನದು, ನನಗೂ ನಿಮ್ಮದೇ ಸಾಥ್ ಬೇಕು ಎಂದಳು. ಅಡಿವೆವ್ವನವರು ಮುಂದಿನ ಸಾಲಿನ ಕುರ್ಚಿಯಲ್ಲಿ ಸೆರಗು ಹೊದ್ದು ಸಣ್ಣಗೆ ಕೂತಿದ್ದರು.

ಮೈನುದ್ದೀನರು ವೇದಿಕೆ ಹತ್ತಿದರು. ಶಿವನಪ್ಪನವರು ತಮ್ಮ ಭಕ್ತಿಯಲ್ಲಿ ಕೋಣೆಯ ಬೀಗ ತೆಗೆಸಿ ನಡುವೆ ಆ ಗಾದಿಯನ್ನೇ ಹಾಸಿಸಿ, ಅದರ ಮೇಲೆ ಬುವಾ ಅವರ ಫೋಟೋ ಇಟ್ಟು ಹಾರ ಹಾಕಿದ್ದರು. ಚೆಂದ ಕಾಣಲೆಂದು ಅದರ ಮುಂದೆ ಒಂದು ಮೈಕು ಬೇರೆ. ಬಲಕ್ಕೆ ದ್ಯಾಮೇಶ ತಬಲಾ ಶ್ರುತಿ ಮಾಡುತ್ತಿದ್ದ. ಸೋಲೋ ನುಡಿಸುವ ಮೈನುದ್ದೀನರಿಗೆ ಉಳಿದದ್ದು ಎಡಗಡೆ.

ಕೂತರು. ಬೆರಳು ಮತ್ತೆ ಕಾಯುತ್ತ ನಿಂತಿತು. ಜನ ಅದನ್ನು ದೊಡ್ಡವರ ಗಾಂಭೀರ್ಯವೆಂದು ತಿಳಿದು ಸುಮ್ಮನಾದರು. ಆಮೇಲೆ ಬೆರಳು ಇಳಿಯಿತು, ಮಾರವಾ ಹೊರಟಿತು. ಗುಡ್ಡದ ಮೇಲಿನ ಬೆಳಕು ಕೆಂಪಗಾಗಿ ಜಾರುತ್ತಿತ್ತು. ಮೈನುದ್ದೀನರು ತಲೆ ಎತ್ತಿ ನೋಡಿದರು, ನೋಡಬಾರದಿತ್ತು. ಕೇಳುಗರ ತಲೆಗಳು ಅವರ ಸ್ವರಕ್ಕಿಂತ ಮುಂಚೆಯೇ ತೂಗುತ್ತಿದ್ದವು. ಮುಂದೆ ಕೂತ ಬಾಷಾ ವಾಹ್ ಎಂದ. ಆ ವಾಹ್‌ಗೆ ಕಾರಣವಾದ ಸ್ವರ ಕೂದಲೆಳೆಯಷ್ಟು ತಡವಾಗಿ ಅವರ ಪೇಟಿಯಿಂದ ಬಂತು. ಇಡೀ ಅಂಗಳ ಯಾರನ್ನೋ ಕೇಳುತ್ತಿತ್ತು. ಅವರು ಆ ಯಾರದೋ ಹಿಂದೆ ಹಿಂದೆ ನಡೆಯುತ್ತಿದ್ದರು.

ಬಸ್ಸಿನಲ್ಲಿ ನಕ್ಕವರ ನಗೆ ಮತ್ತೆ ಅವರ ಕಿವಿಯಲ್ಲಿ ಕೇಳಿಸಿತು. ಆಗ ಬೆರಳು ರಿಷಭವನ್ನು ಹಿಡಿದು ಎಳೆಯತೊಡಗಿತು, ಉದ್ದಕ್ಕೆ, ತುಂಡಾಗದಂತೆ. ಮೈನುದ್ದೀನರಿಗೆ ಕೂಡಲೇ ಗೊತ್ತಾಯಿತು: ಬುವಾ ಉಸಿರಿಗೆ ನಿಂತಿದ್ದಾರೆ. ಎಷ್ಟೇ ಸಾಧನೆ ಮಾಡಲಿ, ಹಾಡುವವರು ಉಸಿರಾಡಲೇಬೇಕು. ಪೇಟಿಗೆ ಆ ಹಂಗಿಲ್ಲ, ತಿದಿ ಒತ್ತುವ ಕೈ ಸೋಲುವತನಕ ಅದರ ದನಿ ತುಂಡಾಗುವುದಿಲ್ಲ. ಈಗ ಬುವಾ ಬಾಯಿ ತೆರೆಯುತ್ತಾರೆ, ಈಗ ಸರಿದು ಜಾಗ ಬಿಡಬೇಕು.

ಅವರು ಬಿಡಲಿಲ್ಲ.

ಜೀವಮಾನದಲ್ಲಿ ಮೊದಲ ಸಲ ಬಿಡಲಿಲ್ಲ. ಹಿಡಿದ ಸ್ವರದ ಮೇಲೆಯೇ ಧೈವತಕ್ಕೆ ಏರಿದರು, ಏರಿದಲ್ಲಿಂದ ಹೊರಳಿದರು, ಸಂದಿಲ್ಲದಂತೆ ಒಂದರ ಮೇಲೊಂದು ಪೇರಿಸುತ್ತ ಹೋದರು. ಕೇಳುಗರ ತಲೆಗಳು ತಡವರಿಸಿ ನಿಂತವು. ಗಾದಿಯ ಮುಂದಿನ ಮೈಕಿನಿಂದ, ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದಂಥ ಒಂದು ಸಪ್ಪಳ ಸ್ಪೀಕರಿನಲ್ಲಿ ಬಂತು. ಗುಡ್ಡದ ಗಾಳಿ ಎಂದುಕೊಂಡು ಶಿವನಪ್ಪನವರು ಮೈಕಿನವನಿಗೆ ಕೈಸನ್ನೆ ಮಾಡಿದರು. ಸಪ್ಪಳ ಮತ್ತೆ ಬಂತು, ಸ್ವಲ್ಪ ಗಿಡ್ಡಾಗಿ. ಆ ಉಸಿರನ್ನು ಮೈನುದ್ದೀನರು ಸಾವಿರ ಸಭೆಗಳಲ್ಲಿ ಕೇಳಿದ್ದರು. ಅದು ಜಾಗ ಕೇಳುತ್ತಿತ್ತು. ಅದು ಕೇಳಿದಾಗಲೆಲ್ಲ ಕೊಟ್ಟು ರೂಢಿಯಾದ ಬೆರಳು ಈಗಲೂ ಸರಿಯಲು ಹವಣಿಸಿತು. ಮಾಫ್ ಮಾಡ್ರಿ ಬುವಾ ಎಂದು ತುಟಿಯೊಳಗೇ ಹೇಳಿಕೊಂಡು ಅವರು ತಿದಿಯನ್ನು ಇನ್ನೂ ಜೋರಾಗಿ ಒತ್ತಿದರು.

ಇನ್ನೊಂದು ಸಲ ಬಂದದ್ದು ಕೆಮ್ಮಿನಂಥದ್ದು. ಆಮೇಲೆ ಒಂದು ಉದ್ದನೆಯ ಉಸಿರು ಹೊರಗೆ ಹೋಯಿತು, ತಿರುಗಿ ಒಳಗೆ ಬರಲಿಲ್ಲ.

ಅದಾದ ಮೇಲೆ ಮೈನುದ್ದೀನರ ಮುಂದೆ ಯಾರೂ ಇರಲಿಲ್ಲ. ಬಯಲು. ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು, ಹೋದರು. ಹೀಗೂ ಒಂದು ಸುಖ ಇರುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ. ದ್ಯಾಮೇಶ ಕಣ್ಣರಳಿಸಿ ಹಿಂದೆ ಹಿಂದೆ ಓಡಿಬಂದ. ಜನ ವಾಹ್ ಎಂದರು, ಸ್ವರ ಬಂದ ಮೇಲೆ ಎಂದರು. ಷಡ್ಜದ ಮೇಲೆ ಬಂದು ನಿಂತಾಗ ಅಂಗಳವೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಅವರು ತಲೆ ತಗ್ಗಿಸಲಿಲ್ಲ. ಎತ್ತಿದ ಮುಖದ ಮೇಲೆಯೇ ಅಷ್ಟನ್ನೂ ತೆಗೆದುಕೊಂಡರು.

ವೇದಿಕೆ ಇಳಿದಾಗ ಅಡಿವೆವ್ವನವರು ಎದ್ದು ಹತ್ತಿರ ಬಂದರು. ಅವರ ಕಣ್ಣು ಒಣಗಿತ್ತು.

"ಭಾಳ ಚಲೋ ನುಡಿಸಿದ್ರಿ ಮಾಸ್ತರ," ಎಂದರು. "ದವಾಖಾನ್ಯಾಗೂ ಕಡೀಗೆ ಹಿಂಗ ಕೆಮ್ಮಿದ್ರು. ಅವರು ಜಾಗಾ ಕೇಳಿದ್ದು ನಿಮಗ ಕೇಳಸ್ತೊ ಇಲ್ಲೊ?"

"ಕೇಳಸ್ತ್ರಿ ಅಕ್ಕಾರ," ಎಂದರು ಮೈನುದ್ದೀನರು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

ಅಡಿವೆವ್ವನವರು ಅವರನ್ನು ಬೈಯಲಿಲ್ಲ. ಆತು ಬಿಡ್ರಿ ಎಂದು ಸೆರಗು ಎಳೆದುಕೊಂಡು ತಮ್ಮ ಕುರ್ಚಿಗೆ ಹೋದರು.

ಫೋಟೋ ಬದಿಗೆ ಸರಿಸಿ ಶಬನಮ ಆ ಗಾದಿಯ ಮೇಲೆ ಕೂತಳು. ಮೈನುದ್ದೀನರು ಮತ್ತೆ ಎಡಕ್ಕೆ ಬಂದರು. ಮನಸ್ಸು ಹಗುರಾಗಿತ್ತು, ಆಸೆ ತೀರಿದೆ, ಇನ್ನು ಈ ಹುಡುಗಿಗೆ ಚೆನ್ನಾಗಿ ಸಾಥ್ ಮಾಡಿ ಮುಗಿಸೋಣ ಎಂದುಕೊಂಡರು. ಅವಳು ಮೊದಲ ಆಲಾಪ ಎತ್ತಿಕೊಂಡಳು, ತಿಳಿಯಾದ ದನಿ. ಅವರ ಬೆರಳು ಹಿಂದೆ ಹಿಂದೆ ನಡೆಯಿತು. ಅವಳು ಉಸಿರಿಗೆ ನಿಂತಳು, ಬೆರಳು ಸ್ವರವನ್ನು ಹಿಡಿದುಕೊಂಡಿತು. ಅವಳು ಬಾಯಿ ತೆರೆದಳು. ಬೆರಳು ಸರಿಯಲಿಲ್ಲ.

ಶಬನಮಳ ದನಿ ಹೊರಡಲಿಲ್ಲ. ಅವಳು ನಕ್ಕು, ಗಂಟಲು ಸರಿಮಾಡಿಕೊಂಡು, ಇನ್ನೊಮ್ಮೆ ಉಸಿರು ತೆಗೆದುಕೊಳ್ಳಲು ನೋಡಿದಳು. ಎದೆ ಏರಲಿಲ್ಲ. ಮೈನುದ್ದೀನರು ಬೆರಳಿಗೆ ಬಿಡು ಎಂದರು, ಬಿಡು ಬಿಡು ಎಂದು ಬೇಡಿಕೊಂಡರು. ಅದು ಸ್ವರದ ಮೇಲೆ ಸ್ವರ ಪೇರಿಸುತ್ತಲೇ ಇತ್ತು. ಹುಡುಗಿಯ ಮುಖ ಕಪ್ಪಿಟ್ಟಿತು. ಅವಳು ಕೊರಳಿಗೆ ಕೈ ಒತ್ತಿಕೊಂಡು ಅವರ ಕಡೆ ತಿರುಗಿದಳು.

"ಚಾಚಾ," ಎಂದಳು, ಗಾಳಿಯಿಲ್ಲದ ದನಿಯಲ್ಲಿ. "ಜಾಗಾ ಬಿಡ್ರಿ."

ಅವರು ಎಡಗೈಯನ್ನು ತಿದಿಯಿಂದ ಕಿತ್ತು ಬಲಗೈಯ ಮಣಿಕಟ್ಟು ಹಿಡಿದು ಎಳೆದರು. ಪೇಟಿ ಕುಯ್ ಎಂದು ನಿಂತಿತು. ಶಬನಮ ನೀರಿನಿಂದ ಎದ್ದವಳ ಹಾಗೆ ಉಸಿರೆಳೆದುಕೊಂಡಳು. ಏನಾಯಿತೆಂದು ಯಾರಾದರೂ ಕೇಳುವ ಮುಂಚೆ ಮೈನುದ್ದೀನರು ಕಛೇರಿಯ ನಡುವೆ ಎದ್ದು ನಿಂತಿದ್ದರು. ಅನಿತಾಳನ್ನು ಕರೆದು ತಮ್ಮ ಜಾಗದಲ್ಲಿ ಕೂರಿಸಿ ವೇದಿಕೆಯ ಬದಿಗೆ ಇಳಿದರು.

ಅನಿತಾ ಚೆನ್ನಾಗಿ ನುಡಿಸಿದಳು. ಕೂದಲೆಳೆಯಷ್ಟು ಹಿಂದೆ ಇದ್ದಳು, ಹಿಡಿಯಬೇಕಾದಲ್ಲಿ ಹಿಡಿದಳು, ಬಿಡಬೇಕಾದಲ್ಲಿ ಬಿಟ್ಟಳು, ಅವರೇ ಕಲಿಸಿದ ಹಾಗೆ. ಶಬನಮಳ ದನಿ ಮತ್ತೆ ಅಂಗಳ ತುಂಬಿತು. ಮೈನುದ್ದೀನರು ಕತ್ತಲಾಗುತ್ತಿದ್ದ ಬದಿಯಲ್ಲಿ ಒಂದು ಕೈಯಿಂದ ಇನ್ನೊಂದು ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ನಿಂತರು. ಹಿಡಿತದೊಳಗಿನ ಕೈ ಇನ್ನೂ ನುಡಿಸುತ್ತಿತ್ತು. ಬುವಾ ಎಂದು ಒಂದು ಸಲ ಮೆಲ್ಲಗೆ ಕರೆದು ನೋಡಿದರು. ಉತ್ತರ ಬರಲಿಲ್ಲ. ಜಾಗ ಬಿಡಲೊಲ್ಲದ ಆ ಕೈಯಿಂದ ಮೈನುದ್ದೀನರು ಇನ್ನು ಮೇಲೆ ಒಬ್ಬರೇ ನುಡಿಸಬೇಕಾಗಿತ್ತು, ಬೇರೆ ಯಾರ ಪಕ್ಕದಲ್ಲಿಯೂ ಕೂರುವಂತಿರಲಿಲ್ಲ.